ಹನ್ನೆರಡು ಮನೆಗಳ ಸಾಲು ಕಟ್ಟಿದವಳು

ಮಳೆಗಾಲ ಶುರುವಾಗುವುದರೊಳಗೆ ಮಾಳಿಗೆಯ ಬಿರುಕುಗಳಿಗೆ ಸಿಮೆಂಟು ಹಾಕಿಸೋಣವೆಂದು ಕಳೆದ ವಾರ ಗೌಂಡಿಯನ್ನು ಕರೆಸಿದ್ದೆ. ಮೇಲೆ ಹೋದವನು ಎರಡೇ ನಿಮಿಷಕ್ಕೆ ಇಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಅಕ್ಕಾರ, ಮ್ಯಾಲೆ ಹಳದಿ ಬಣ್ಣದ ಗೆರಿ ಅದಾವಲ್ರಿ, ಏನವು? ವಾಸ್ತು ನೋಡೋರು ಹಾಕಿದ್ದೇನು? ಅಳಿಸಿದ್ರ ಏನರ ಆದೀತು ಅಂತ ಕೇಳಾಕ ಬಂದೆ."

"ವಾಸ್ತು ಅಲ್ಲಪಾ. ದೆವ್ವದ ಮನಿ ನಕ್ಷಾ ಅದು."

ಅವನ ಕೈಯಲ್ಲಿದ್ದ ಕರಣೆ ಬುಟ್ಟಿಗೆ ಬಿತ್ತು. ಚಹಾ ಕುಡಿದ, ಇವತ್ತು ಉಸುಕು ಹಸಿ ಐತಿ ಎಂದ, ನಾಳೆ ಬರ್ತೇನಿ ಎಂದ. ಮರುದಿನ ಬಂದಾಗ ಜೊತೆಗೆ ಇನ್ನೊಬ್ಬನನ್ನು ಕರೆದುಕೊಂಡು ಬಂದಿದ್ದ. ಇಷ್ಟಕ್ಕೆ ಹೆದರುವವರಿದ್ದರೆ ಆ ನಕ್ಷೆ ಬರೆದವಳಿಗೆ ಎಷ್ಟು ಸಂತೋಷವಾಗುತ್ತಿತ್ತು ಎಂದುಕೊಂಡೆ. ಆ ಗೆರೆಗಳನ್ನು ಎಳೆದ ನಮ್ಮ ಬಾಡಿಗೆದಾರಳು ಮನೆ ಖಾಲಿ ಮಾಡಿ ಒಂದು ತಿಂಗಳಾಗಿದೆ. ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. "ನಾ ಮಾಡಿದ ಕಂಪ್ಯೂಟರ್ ಆಟದ ಕೊನಿಗೆ ಸಣ್ಣ ಅಕ್ಷರದಾಗ ನನ್ನ ಹೆಸರು ಬರ್ತೈತಿ ವೈನಿ, ಅಷ್ಟ ಸಾಕು. ಅಲ್ಲೀತನಕ ಹೋದವ್ರು ಓದಲಿ" ಎನ್ನುತ್ತಿದ್ದಳು.

ಮೂರು ವರ್ಷದ ಹಿಂದೆ, ಶ್ರಾವಣದಲ್ಲಿ, ಆಕೆ ನಮ್ಮ ದಾಂಡೇಲಿಯ ಮನೆಗೆ ಬಂದಳು. ಎರಡು ಚೀಲ, ಮತ್ತು ಅವರವ್ವ ಹೊಲಿದ ಕೌದಿಯಲ್ಲಿ ಮಗುವಿನಂತೆ ಸುತ್ತಿದ ಒಂದು ದೊಡ್ಡ ಕಂಪ್ಯೂಟರು. ನಮ್ಮ ಮನೆಯವರು ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವರು, ನಿದ್ದೆಗಣ್ಣಿನಲ್ಲೇ ಕೇಳಿದರು, "ಏನ್ ಕೆಲಸ ಮಾಡ್ತೀರಿ?"

"ಮನಿ ಕಟ್ತೇನ್ರಿ. ಕಂಪ್ಯೂಟರ್‌ನಾಗ."

ಇಂಜಿನಿಯರ್ ಇರಬೇಕೆಂದು ಇವರು ಮಾಳಿಗೆಯ ಕೋಣೆ ಕೊಟ್ಟೇಬಿಟ್ಟರು. ಕಟ್ಟುವ ಮನೆಗಳೆಲ್ಲ ಜನರನ್ನು ಹೆದರಿಸಲಿಕ್ಕೆ ಎಂದು ನನಗೆ ತಿಳಿದದ್ದು ಎಂಟು ದಿನವಾದ ಮೇಲೆ.

ಮುಂಡಗೋಡದ ಕಡೆಯ ಹಳ್ಳಿಯ ಸಿದ್ದಿ ಮನೆತನದ ಹೆಣ್ಣುಮಗಳು. ಹಳಿಯಾಳದಲ್ಲಿ ಕಟ್ಟಡದ ನಕ್ಷೆ ಬಿಡಿಸುವುದನ್ನು ಕಲಿತು, ಅಲ್ಲೇ ಒಬ್ಬ ಇಂಜಿನಿಯರರ ಹತ್ತಿರ ಆರು ವರ್ಷ ಊರವರ ಮನೆಗಳ ನಕ್ಷೆ ತೆಗೆದಿದ್ದಳು. ಆಮೇಲೆ ಯಾರೋ ಕಂಪ್ಯೂಟರಿನ ಆಟ ತೋರಿಸಿದರಂತೆ. ಆಟದೊಳಗಿನ ಮೆಟ್ಟಿಲು ಅಳತೆ ತಪ್ಪಿದೆ ಎಂದು ಈಕೆ ಆ ಆಟ ಮಾಡಿದವರಿಗೆ ಚಿತ್ರ ಬರೆದು ಕಳಿಸಿದಳು. ಅವರು ಕೆಲಸಕ್ಕೇ ಕರೆದರು. ಅಕ್ಕನ ಮನೆ ಕುಂಬಾರವಾಡದಲ್ಲಿತ್ತು, ಅಲ್ಲಿರಲು ಆಸೆ. ಆದರೆ ಅಲ್ಲಿ ನೆಟ್‌ವರ್ಕು ಬಸ್ಸಿನ ಹಾಗೆ, ಬಂದಾಗ ಬಂತು. ಹಾಗಾಗಿ ದಾಂಡೇಲಿ, ಹಾಗಾಗಿ ನಮ್ಮ ಮಾಳಿಗೆ.

ಮೊದಲ ದಿನ ಓಣಿಯ ಅಂಗಡಿಗೆ ಹೋದಾಗ ನಾನೂ ಜೊತೆಗಿದ್ದೆ. ಅಂಗಡಿಯವನು ಆಕೆಯ ಮುಖ, ಕೂದಲು ನೋಡಿ, ಆಫ್ರಿಕಾದಿಂದ ಬಂದವಳೆಂದು ತಿಳಿದು, ಬೆರಳೆತ್ತಿ ತೋರಿಸಿ, ಗಟ್ಟಿಯಾಗಿ ಇಂಗ್ಲಿಷಿನಲ್ಲಿ ರೇಟು ಹೇಳತೊಡಗಿದ.

"ಅಣ್ಣಾ, ಕಿವಿ ಚಲೋ ಅದಾವ, ಒದರಬ್ಯಾಡ. ಅರ್ಧಾ ಕಿಲೋ ಉಳ್ಳಾಗಡ್ಡಿ ಕೊಡು. ಕೊಳತದ್ದು ಹಾಕಿದ್ರ ತಿರುಗಿ ತರ್ತೇನಿ, ಈಗ ಹೇಳೇನಿ."

ಅಂಗಡಿಯವನು ಮೇಲೆ ಎರಡು ಹಸಿಮೆಣಸಿನಕಾಯಿ ಹಾಕಿ ಕೊಟ್ಟ. ಹಿಂದಿರುಗುವಾಗ ಆಕೆ ಬೇಸರವಿಲ್ಲದೆ ಹೇಳಿದಳು, "ನಾ ಬಾಗಲಾಗ ಕಾಲಿಟ್ಟ ಕೂಡಲೇ ಜನ ಹೆಂಗ ನಿಂತ ಬಿಡ್ತಾರ ಅಂತ ಸಣ್ಣಾಕಿ ಇದ್ದಾಗಿಂದ ನೋಡೇನಿ ವೈನಿ. ಗೊತ್ತಿಲ್ಲದ್ದು ಬಾಗಲಾಗ ಬಂದು ನಿಂತ್ರ ಮನಷ್ಯಾ ಏನ್ ಮಾಡ್ತಾನ ಅನ್ನೂದು ನಂಗ ಯಾರೂ ಕಲಿಸೂದು ಬ್ಯಾಡ. ಆದ್ರ ಒಂದು. ನಾ ಮಾಡಿದ ಆಟದಾಗ ಹೆದರಸಾಕಿ ಕಪ್ಪಗಿರಂಗಿಲ್ಲ."

ಹಾಗಾದರೆ ಹೇಗಿರುತ್ತಾಳೆ ಎಂದು ಕೇಳಿದೆ.

"ಕಾಣಂಗನ ಇಲ್ಲ. ಬಕೀಟು ಎಳೀತಾಳ, ಅಷ್ಟ."

ನನಗೊಂದು ಅಭ್ಯಾಸವಿದೆ. ಮುಸ್ಸಂಜೆ ದೇವರ ಮುಂದೆ ದೀಪ ಹಚ್ಚಿ, ಆ ದಿನ ದೇವರು ಮಾಡಿದ ಮೂರು ಉಪಕಾರಗಳನ್ನು ಬೆರಳು ಮಡಿಚಿ ಹೇಳುತ್ತೇನೆ. ದೊಡ್ಡವಲ್ಲ. ಹಾಲು ಒಡೆಯಲಿಲ್ಲ. ನಲ್ಲಿಗೆ ನೀರು ಬಂದಾಗ ನಾನು ಮನೆಯಲ್ಲೇ ಇದ್ದೆ. ಇವರ ಮೊಣಕಾಲು ನೋವು ತುಸು ಇಳಿಯಿತು. ದೊಡ್ಡದನ್ನು ಬೇಡಿಕೊಳ್ಳಲು ಊರು ತುಂಬ ಜನರಿದ್ದಾರೆ, ಸಣ್ಣದನ್ನು ನೆನೆಯಲು ಒಬ್ಬರಾದರೂ ಬೇಕಲ್ಲ. ಇಂಥ ಮನೆಯ ನೆತ್ತಿಯ ಮೇಲೆ ದೆವ್ವ ತಯಾರಾಗುತ್ತಿದೆ ಎಂದರೆ ನನಗೆ ಹೇಗಾಗಬೇಡ? ನೇರವಾಗಿ ಹೋಗಿ ಹೇಳಿದೆ: "ತಂಗಿ, ನೀ ಒಳ್ಳೇಕಿ ಅದೀ. ಆದ್ರ ಈ ಉದ್ಯೋಗ ನಮ್ಮನ್ಯಾಗ ಬ್ಯಾಡ."

ಆಕೆ ವಾದಿಸಲಿಲ್ಲ. ಕುರ್ಚಿ ಎಳೆದು ಕೊಟ್ಟಳು. "ಒಂದು ಮಾತು ಕೇಳಿ ಆಮ್ಯಾಲೆ ಹೇಳ್ರಿ. ಈ ಆಟದಾಗ ಗೆಲ್ಲೂದಂದ್ರ ಹೊಡಿಯೂದಲ್ಲ. ಉಳಿಯೂದು. ಕೈಯಾಗ ಸ್ವಲ್ಪ ಇರ್ತೈತಿ, ದಾರಿ ದೊಡ್ಡದಿರ್ತೈತಿ. ಇದ್ದದ್ದನ್ನ ಎಲ್ಲಿ ಖರ್ಚು ಮಾಡ್ಬೇಕು, ಎಲ್ಲಿ ತಡೀಬೇಕು, ಯಾವ ಬಾಗಲಾ ತೆಗೀಬೇಕು, ಯಾವುದರ ಮುಂದ ಸುಮ್ಮನ ಹಾಯ್ದು ಹೋಗ್ಬೇಕು. ಅಷ್ಟ."

"ಇದು ಸಂಸಾರ ಆತಲ್ಲ!" ಎಂದೆ.

ಆಕೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನು ಕೆಳಗಿಳಿದು ಬಂದು ಅನ್ನಕ್ಕೆ ಇಟ್ಟೆ. ಕೋಣೆ ಬಿಡಿಸುವ ಮಾತು ಮತ್ತೆ ಎತ್ತಲಿಲ್ಲ.

ಜಗತ್ತನ್ನು ಹೆದರಿಸುವ ಈ ಹೆಣ್ಣುಮಗಳು ಸ್ವತಃ ಹೆದರುತ್ತಿದ್ದುದು ಕುಕ್ಕರಿಗೆ. ಅಡುಗೆಮನೆಯಲ್ಲಿ ಮಾತಾಡುತ್ತ ಕುಳಿತವಳು ಮೊದಲ ಸೀಟಿಗೆ ಬಾಗಿಲಿಗೆ ಹೋಗುತ್ತಿದ್ದಳು, ಎರಡನೆಯದಕ್ಕೆ ಹೊರಗೆ ನಿಲ್ಲುತ್ತಿದ್ದಳು. ಒಂದು ದಿನ ಹೊರಗಿನಿಂದಲೇ ಕೂಗಿದಳು: "ವೈನೀ, ಸೀಟಿ ಹೊಡಿಯೂದಕ್ಕ ಅಲ್ಲ ನಾ ಹೆದರೂದು. ಎರಡನೇದಕ್ಕೂ ಮೂರನೇದಕ್ಕೂ ನಡುವ ಸುಂಯ್ ಅಂತೈತಲ್ಲ, ಅದಕ್ಕ!" ಮರುದಿನ ಗಡಿಯಾರ ಹಿಡಿದು ಬಂದು ಆ ನಡುವಿನ ಹೊತ್ತನ್ನು ಬರೆದುಕೊಂಡು ಹೋದಳು. ಹೆಸರುಬೇಳೆಗೆ ಎಷ್ಟು, ತೊಗರಿಬೇಳೆಗೆ ಎಷ್ಟು, ಬೇರೆಬೇರೆಯಾಗಿ. ಆಕೆಯ ಆಟದಲ್ಲಿ ಬಕೀಟಿನ ಸಪ್ಪಳ ಎರಡು ಸಲ ಕೇಳಿ ಮೂರನೆಯ ಸಲಕ್ಕೆ ತಡಮಾಡುತ್ತದಲ್ಲ, ಅದು ನಮ್ಮ ಮನೆಯ ತೊಗರಿಬೇಳೆಯ ಲೆಕ್ಕ.

ದೊಡ್ಡ ಆಟದಲ್ಲಿ ಆಕೆಯ ಪಾಲಿಗೆ ಬಂದದ್ದು ಒಂದೇ ಭಾಗ: ಜನ ಬಿಟ್ಟುಹೋದ ಹನ್ನೆರಡು ಲೈನ್ ಮನೆಗಳು. ಗೋಡೆಗೆ ಗೋಡೆ ಅಂಟಿದ ಮನೆಗಳು, ಪ್ರತಿಯೊಂದಕ್ಕೂ ಮುಂಬಾಗಿಲು, ಹಿಂಬಾಗಿಲು, ಹಿಂದೆ ಎಲ್ಲಕ್ಕೂ ಸೇರಿ ಒಂದೇ ಹಿತ್ತಲು, ನಡುವೆ ಒಂದು ನಲ್ಲಿ. ಆಡುವವರು ಸಂಜೆಯ ಹೊತ್ತಿಗೆ ಒಂದನೆಯ ಮನೆಯಿಂದ ಒಳಬಂದು ಹನ್ನೆರಡನೆಯದರ ಆಚೆಗಿರುವ ಗೇಟು ಮುಟ್ಟಬೇಕು. ಹಿತ್ತಲಲ್ಲಿ ಕಣ್ಣಿಗೆ ಕಾಣದ ಆ ದೆವ್ವದ ಹೆಂಗಸು ಬಕೀಟು ಎಳೆಯುತ್ತ ಓಡಾಡುತ್ತಾಳೆ. ಆಡುವವರ ಕೈಯಲ್ಲಿರುವುದು ಐದು ಕಡ್ಡಿಯ ಬೆಂಕಿಪೊಟ್ಟಣ. ಕಡ್ಡಿ ಉರಿಯುವಷ್ಟು ಹೊತ್ತು ಆಕೆ ಹತ್ತಿರ ಬರುವುದಿಲ್ಲ. ಸಪ್ಪಳ ತೀರ ಹತ್ತಿರ ಬಂದು ನಿಂತಿತೆಂದರೆ ಆಟ ಮುಗಿಯಿತು.

ಈ ಮನೆಗಳನ್ನು ಈಕೆ ಮೊದಲು ಕಟ್ಟಿದ್ದು ನಮ್ಮ ಮಾಳಿಗೆಯ ಮೇಲೆ, ಸೀಮೆಸುಣ್ಣದ ಖಡುವಿನಿಂದ. ಕೋಣೆ, ಕಟ್ಟೆ, ಹೊಸ್ತಿಲು ಎಲ್ಲವನ್ನೂ ನಿಜವಾದ ಅಳತೆಗೆ ಎಳೆಯುತ್ತಿದ್ದಳು. ಹನ್ನೆರಡೂ ಹಿಡಿಸುವುದಿಲ್ಲವೆಂದು ಮೂರು ಮನೆ ಎಳೆದು, ಅವನ್ನೇ ಅಳಿಸಿ ಮುಂದಿನ ಮೂರು. ಆಮೇಲೆ ಮಧ್ಯಾಹ್ನ ಊಟವಾದ ಮೇಲೆ ನನ್ನನ್ನೂ ಎದುರುಮನೆಯ ಶಾಂತಕ್ಕನನ್ನೂ ಕರೆದು ಅದರಲ್ಲಿ ನಡೆಸುತ್ತಿದ್ದಳು.

"ಮುಂದಿನ ಬಾಗಲದಿಂದ ಬಂದು ಹಿಂದಿನ ಬಾಗಲದಾಗ ಹೊರಗ ಹೋಗ್ರಿ, ಅಷ್ಟ. ನನ್ನ ಮಾರಿ ನೋಡಬ್ಯಾಡ್ರಿ."

"ಏನವ್ವಾ ಇದು, ಗಂಡ ಡ್ಯೂಟಿಗೆ ಹೋದ ಮ್ಯಾಲೆ ಕುಂಟೆಬಿಲ್ಲೆ ಆಡಸಾಕತ್ತೀಯಲ್ಲ!" ಎಂದು ಶಾಂತಕ್ಕ ಸೀರೆ ಎತ್ತಿ ಕಟ್ಟಿ ನಡೆದರು.

ನಾವು ನಡೆದದ್ದನ್ನು ಆಕೆ ಬರೆದುಕೊಂಡಳು. ಇಬ್ಬರೂ ಖಡುವಿನ ಹೊಸ್ತಿಲನ್ನು ತುಳಿಯದೆ ದಾಟಿದ್ದೆವು. ಇಬ್ಬರೂ ಇಲ್ಲದ ಹಿಂಬಾಗಿಲಿಗೆ ತಲೆ ತಗ್ಗಿಸಿದ್ದೆವು. "ಇದನ್ನ ಯಾವ ಪುಸ್ತಕದಾಗೂ ಬರದಿಲ್ಲ ನೋಡ್ರಿ" ಎಂದು ಸಂಭ್ರಮಪಟ್ಟಳು. "ಹೊಸ್ತಿಲ ಮ್ಯಾಲೆ ಹೆದರಸಬಾರದು. ಅಲ್ಲಿ ಎಲ್ಲಾರೂ ಹುಷಾರಿರ್ತಾರ. ದಾಟಿ ಒಳಗ ಬಂದು, ಬಂದ್ವಿ ಅಂತ ಹೆಗಲು ಸಡಲ ಬಿಡ್ತಾರಲ್ಲ, ಮೂರನೇ ಹೆಜ್ಜಿಗೆ, ಅಲ್ಲಿ." ಯೋಚಿಸುವಾಗ ಆಕೆಗೊಂದು ರೂಢಿಯಿತ್ತು. ಅಂಗೈಯನ್ನು ಹತ್ತಿರದ ಗೋಡೆಗೆ ಚಪ್ಪಟೆಯಾಗಿ ಒತ್ತಿ ನಿಲ್ಲುವುದು, ಮಗುವಿಗೆ ಜ್ವರ ನೋಡುವ ಹಾಗೆ. ನಮ್ಮ ಮೆಟ್ಟಿಲ ಗೋಡೆಯ ಸುಣ್ಣ ಒಂದು ಕಡೆ ಇಂದಿಗೂ ನುಣ್ಣಗಾಗಿದೆ.

ಬಕೀಟಿನ ಸಪ್ಪಳ ಹಿಡಿಯಲು ಕೋಗಿಲಬನಕ್ಕೆ ಹೋಗಿದ್ದೆವು, ಕಾಳಿ ನದಿಯ ದಂಡೆಗೆ. ನಾನು ಕಲ್ಲುಗಳ ಮೇಲೆ ಅರ್ಧ ತುಂಬಿದ ಬಕೀಟು ಎಳೆಯುವುದು, ಆಕೆ ಫೋನು ಹಿಡಿದು ಹಿಂದೆ ಬರುವುದು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಬಹಳ ಹೊತ್ತು ನೋಡಿ ತಡೆಯಲಾರದೆ ಕೇಳಿದಳು: "ಬಾಯಾರ, ಎತ್ತಾಕ ಆಗವಲ್ದೇನ್ರಿ? ನಾ ಎತ್ತಿ ಕೊಡ್ಲೆ?"

"ಬ್ಯಾಡವಾ, ಎಳದ್ರನ ನಮಗ ಪಗಾರ" ಎಂದಳು ಈಕೆ.

ಎಲ್ಲ ಸೇರಿ ಒಂದು ವರ್ಷದ ಕೆಲಸ. ಕಂಪನಿಯವರು ಹಲವರನ್ನು ಕೂರಿಸಿ ಆಡಿಸಿ ನೋಡಿದರು. ಒಂದು ಬೆಳಿಗ್ಗೆ ಆಕೆ ಕೆಳಗೆ ಬಂದವಳು ಅವಲಕ್ಕಿಯ ತಾಟು ಮುಟ್ಟಲಿಲ್ಲ.

"ಅರ್ಧಕ್ಕರ್ಧಾ ಜನ ನಡುವ ಬಿಟ್ಟು ಎದ್ದಾರಂತ ವೈನಿ. ನಾಕನೇ ಮನಿ, ಐದನೇ ಮನಿ. ಆಡೋರ ಕೈಯಾಗ ಒಂದು ಕೊಡ್ಲಿ ಕೊಡು, ಇಲ್ಲಾಂದ್ರ ಈ ಲೈನ್ ಮನಿ ಪೂರಾ ತಗದ ಬಿಡೂಣು ಅಂತಾರ."

"ಕೊಡ್ಲಿ ಕೊಟ್ರೇನಾತು?"

"ಕೊಡ್ಲಿ ಕೈಗೆ ಬಂದ ಮ್ಯಾಲೆ ಯಾರು ಕಿವಿಗೊಟ್ಟು ಕೇಳ್ತಾರ್ರಿ? ಬಕೀಟಿನ ಸಪ್ಪಳಾ ಬರೇ ಸಪ್ಪಳಾ ಆಗ್ತೈತಿ." ಅವಲಕ್ಕಿಯ ತಾಟನ್ನು ದೂರ ಸರಿಸಿದಳು. "ಕಂಪನ್ಯಾಗ ನಂದು ಅನ್ನೂದು ಇದೊಂದ. ಈ ಮನಿ ತಗದ್ರ ನನ್ನೂ ತಗೀತಾರ. ಮತ್ತ ಹಳಿಯಾಳಕ್ಕ ಹೋಗಿ ಸಂಡಾಸು ಯಾವ ಮೂಲ್ಯಾಗ ಅಂತ ನಕ್ಷಾ ತಗೀಬೇಕು."

ಎರಡು ತಿಂಗಳ ಅವಕಾಶ ಕೊಟ್ಟಿದ್ದರು. ಹೀಗೆ ನಡುವೆ ಬಿಟ್ಟು ಎದ್ದವರಲ್ಲಿ ಆರು ಜನರನ್ನು ಮತ್ತೆ ಕೂರಿಸುವುದು, ನಾಲ್ವರಾದರೂ ಗೇಟು ಮುಟ್ಟಬೇಕು, ಇಲ್ಲದಿದ್ದರೆ ಮನೆ ಇಲ್ಲ.

"ಅವರು ಯಾಕ ಎದ್ದರು ಅಂತ ಕೇಳಿದೇನು?"

"ಹೆದರಿಕಿ ಆತು ಅಂತಾರ. ಹೆದರಿಕಿ ಆಗಲಿ ಅಂತನ ಅಲ್ಲೇನ್ರಿ ಅವರು ಬಂದದ್ದು?"

ಆ ಮಧ್ಯಾಹ್ನ ನಾನೇ ಹೇಳಿದೆ, ನನ್ನನ್ನೂ ಕೂರಿಸಿ ನೋಡು ಎಂದು. ಜನ್ಮದಲ್ಲಿ ಅಂಥದ್ದು ಮುಟ್ಟಿದವಳಲ್ಲ. ಎರಡು ಕೈಯಲ್ಲಿ ಹಿಡಿಯುವ ಗುಂಡಿಗಳ ಯಂತ್ರ ಕೊಟ್ಟಳು, ಯಾವ ಗುಂಡಿ ಒತ್ತಿದರೆ ನಡಿಗೆ, ಯಾವುದಕ್ಕೆ ಕಡ್ಡಿ ಗೀರುವುದು ಎಂದು ತೋರಿಸಿದಳು. ಪರದೆಯ ಮೇಲೆ ಸಂಜೆ. ಒಂದನೆಯ ಮನೆಯ ಬಾಗಿಲು ನೂಕಿದೆ. ಎದುರಿನ ಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ದೀಪ. ಎಷ್ಟು ಚೆಂದ ಮಾಡಿದ್ದಳೆಂದರೆ ಬತ್ತಿಯ ತುದಿ ಕರಕಾದದ್ದೂ ಕಾಣುತ್ತಿತ್ತು. ಹತ್ತಿರ ಹೋಗಿ ಕಡ್ಡಿ ಗೀರಿದೆ. ಹತ್ತಲಿಲ್ಲ. ಇನ್ನೊಂದು ಗೀರಿದೆ. ಐದೂ ಕಡ್ಡಿ ಅಲ್ಲೇ ಮುಗಿದವು.

"ವೈನಿ, ಅದು ಬರೇ ಚಿತ್ರ. ಹತ್ತಂಗಿಲ್ಲ."

"ಮತ್ಯಾಕ ಇಟ್ಟೀ?"

"ಚಂದ ಕಾಣಲಿ ಅಂತ."

"ದೀಪ ಚಂದಕ್ಕ ಇಡೂದಲ್ಲ ತಂಗಿ, ಹಚ್ಚಾಕ ಇಡೂದು. ಹೊತ್ತು ಮುಳಗಾಕತ್ತೈತಿ, ದೀಪ ಹಚ್ಚಲಾರದ ಮನಿಯೊಳಗ ನಾ ಮುಂದ ಹೋಗಾಕಿಲ್ಲ." ಯಂತ್ರ ಕೆಳಗಿಟ್ಟು ಎದ್ದೇಬಿಟ್ಟೆ. ಬಕೀಟಿನವಳು ಬರುವ ಮೊದಲೇ ಆಟ ಬಿಟ್ಟವಳು ನಾನೊಬ್ಬಳೇ ಇರಬೇಕು.

ಆಕೆ ಗೋಡೆಗೆ ಕೈ ಒತ್ತಿ ನಿಂತಳು. ಅದೆಷ್ಟು ಹೊತ್ತು ನಿಂತಳೆಂದರೆ ನಾನು ಕೆಳಗೆ ಹೋಗಿ ಚಹಾ ಮಾಡಿಕೊಂಡು ತಂದರೂ ಹಾಗೇ ಇದ್ದಳು.

"ಈಗ ಗೊತ್ತಾತು. ಅವರು ಹೆದರಿ ಎದ್ದದ್ದಲ್ಲ. ದಣದು ಎದ್ದಾರ. ಹನ್ನೆರಡು ಮನಿ ಕಟ್ಟೇನಿ, ಉಸರು ಬಿಡಾಕ ಒಂದು ಜಾಗಾ ಇಟ್ಟಿಲ್ಲ. ಎಂಥಾ ದಡ್ಡಿ ನಾನು! ಎರಡನೇ ಸೀಟಿ, ಎರಡನೇ ಸೀಟಿ, ಬರೇ ಎರಡನೇ ಸೀಟಿ. ಕುಕ್ಕರ್ ಕೆಳಗ ಇಳಸೂದ ಇಲ್ಲ."

ಅಂದಿನಿಂದ ಮೂರನೆಯ, ಏಳನೆಯ, ಹನ್ನೊಂದನೆಯ ಮನೆಗಳ ದೀಪ ಹತ್ತುವಂತಾದವು. ಒಂದು ದೀಪಕ್ಕೆ ಒಂದು ಕಡ್ಡಿ. ದೀಪ ಹತ್ತಿದ ಮನೆಗೆ ಬಕೀಟಿನವಳು ಬರುವುದಿಲ್ಲ, ಹಿಂಬಾಗಿಲ ಆಚೆ ನಿಂತು ಹೋಗುತ್ತಾಳೆ. ಸತ್ತರೆ ಮತ್ತೆ ಅಲ್ಲಿಂದಲೇ ಶುರು. ನಾನು ದಿನಾ ಮಧ್ಯಾಹ್ನ ಆಡಿದೆ. ಮೂರನೆಯ ಮನೆ ದಾಟಿದೆ, ಏಳನೆಯದನ್ನೂ ದಾಟಿದೆ. ಹನ್ನೊಂದನೆಯದರಲ್ಲಿ ಮಾತ್ರ ಪ್ರತಿ ಸಲ ಸತ್ತೆ, ಮತ್ತು ಪ್ರತಿ ಸಲವೂ ಒಂದು ಕಡ್ಡಿ ಉಳಿಸಿಕೊಂಡೇ ಸತ್ತೆ.

"ಆ ಕಡ್ಡಿ ಯಾಕ ಗೀರಲಿಲ್ರಿ?"

"ಇರಲಿ ಅಂತ."

"ಯಾವಾಗಿಗೆ?"

"ನಾಳಿಗೆ."

"ವೈನಿ, ನೀವು ಸತ್ತೀರಿ. ನಾಳೆ ಅನ್ನೂದ ಇಲ್ಲ."

"ಡಬ್ಬಿ ಪೂರಾ ಬರಿದು ಮಾಡಬಾರದು ತಂಗಿ. ಅಕ್ಕಿ ಇರಲಿ, ಉಪ್ಪಿರಲಿ, ತಳದಾಗ ಒಂದು ಹಿಡಿ ಬಿಡಬೇಕು. ಮೂವತ್ತು ವರ್ಷದಿಂದ ಬಿಟ್ಟೇನಿ."

ಆಟ ಆಡುವವರೆಲ್ಲ ಹೀಗೇ ಕೊನೆಯದನ್ನು ಉಳಿಸಿಕೊಂಡು ಸಾಯುತ್ತಾರೆ, ಇದು ನಿಮ್ಮೊಬ್ಬರ ರೋಗವಲ್ಲ ಎಂದು ಸಮಾಧಾನ ಹೇಳಿದಳು. ಆದರೆ ಆಕೆಗೇ ಸಮಾಧಾನವಿರಲಿಲ್ಲ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ನಮ್ಮ ಗ್ಯಾಸಿನ ಲೈಟರು ಕೆಟ್ಟಿತು. ಪೊಟ್ಟಣದಲ್ಲಿ ನೋಡಿದರೆ ಒಂದೇ ಕಡ್ಡಿ. ಆಕೆ ಹಾಲಿಗೆಂದು ಬಂದವಳು ಬಾಗಿಲಲ್ಲಿದ್ದಳು. ನಾನು ಆ ಕಡ್ಡಿ ಗೀರಿ ದೇವರ ದೀಪ ಹಚ್ಚಿದೆ, ಕಾಗದದ ಸುರುಳಿಯನ್ನು ದೀಪಕ್ಕೆ ಹಿಡಿದು ತಂದು ಒಲೆ ಹಚ್ಚಿದೆ. ದೇವರ ದೀಪದಿಂದ ಒಲೆ ಹಚ್ಚಬಾರದು ಎನ್ನುವವರಿದ್ದಾರೆ. ನಮ್ಮ ಅತ್ತೆಯವರು ಹಚ್ಚುತ್ತಿದ್ದರು. ನೀವು ಉಣ್ಣಬ್ಯಾಡ್ರಿ ಅಂತ ದೇವರು ಯಾವಾಗರ ಅಂದಾನೇನು ಎಂದು ಕೇಳುತ್ತಿದ್ದರು. ಆಕೆ ಹಾಲಿನ ಪಾತ್ರೆ ಹಿಡಿದುಕೊಂಡು ಇದನ್ನೆಲ್ಲ ನೋಡಿದಳು. ಹಾಲು ಒಯ್ಯುವುದನ್ನೇ ಮರೆತು ಮೇಲೆ ಹೋದಳು.

ಅದೇ ವಾರ ಇನ್ನೊಂದು ಕೇಳಿದಳು. "ನೀವು ಸಂಜೀಕ ದೀಪದ ಮುಂದ ಗುಣುಗುಣು ಅಂತೀರಲ್ಲ, ಅದನ್ನ ಒಂದು ಸಲ ಫೋನಿಗೆ ಹೇಳ್ರಿ. ನನ್ನ ಕೆಲಸಕ್ಕ ಬೇಕು." ಹೇಳಿದೆ. ನನ್ನ ಮೂರು ಉಪಕಾರದಿಂದ ಈಕೆಗೆ ಏನಾಗಬೇಕೋ ಎಂದುಕೊಂಡು ಮರೆತೆ.

ಪರೀಕ್ಷೆಯ ದಿನ ಬಂತು. ಐದು ಜನ ಕಂಪನಿಯಲ್ಲೇ ಆಡಿ ಮುಗಿಸಿದ್ದರು. ಮೂವರು ಗೇಟು ಮುಟ್ಟಿದ್ದರು, ಇಬ್ಬರು ಮುಟ್ಟಿರಲಿಲ್ಲ. ಆರನೆಯವರು ಯಾರೆಂದರೆ, ಆಕೆ ತನ್ನ ವರದಿಯಲ್ಲಿ ಬರೆದಿದ್ದ ಕೆಳಗಿನ ಮನೆಯ ಹೆಂಗಸು, ಒಂದನೆಯ ಮನೆಯಲ್ಲೇ ಬಿಟ್ಟು ಎದ್ದವಳು. ಅವರನ್ನೇ ಕೂರಿಸಿ, ನಾವು ನೋಡಬೇಕು ಎಂದಿದ್ದರು ದೊಡ್ಡವರು.

ಆ ಹೆಂಗಸು ನಾನೇ. ಮೆಟ್ಟಿಲ ಮೇಲೆ ಅಂಗಲಾಚಿದೆ: "ಹನ್ನೊಂದನೇ ಮನ್ಯಾಗ ಏನ್ ಮಾಡಬೇಕು ಹೇಳಿ ಬಿಡವ್ವಾ. ನಿನ್ನ ಅನ್ನದ ಪ್ರಶ್ನೆ."

"ಹೇಳಿದ್ರ ನೀವು ಗೆದ್ದಂಗ ಆತು, ನನ್ನ ಮನಿ ಗೆದ್ದಂಗ ಆಗಂಗಿಲ್ಲ. ನಿಮ್ಮ ಮನ್ಯಾಗ ಇದ್ದಂಗ ಇರ್ರಿ, ಸಾಕು."

ಸಂಜೆಯ ಹೊತ್ತು. ಪರದೆಯ ಮೂಲೆಯಲ್ಲಿ ಕಂಪನಿಯ ಇಬ್ಬರ ಮುಖ. ಆಕೆ ನನ್ನ ಹಿಂದೆ ಗೋಡೆಗೆ ಅಂಗೈ ಒತ್ತಿ ನಿಂತಿದ್ದಳು. ಆಡಿದೆ. ಮೂರನೆಯ ಮನೆಯ ದೀಪ ಹಚ್ಚಿದೆ. ಐದರಲ್ಲಿ ಒಂದು ಕಡ್ಡಿ ಹೋಯಿತು. ಏಳರ ದೀಪ ಹಚ್ಚಿದೆ. ಒಂಬತ್ತರಲ್ಲಿ ಬಕೀಟು ಹತ್ತಿರ ಬಂದು ಇನ್ನೊಂದು ಸುಟ್ಟೆ. ಹನ್ನೊಂದನೆಯ ಮನೆಗೆ ಕಾಲಿಟ್ಟಾಗ ಉಳಿದದ್ದು ಒಂದು.

ಹಿಂಬಾಗಿಲು ತೆರೆದಿತ್ತು. ಹಿತ್ತಲ ಆಚೆ ಗೇಟು ಕಾಣುತ್ತಿತ್ತು. ಬಹಳ ದೂರ. ಒಂದು ಕಡ್ಡಿ ಅರ್ಧ ದಾರಿಗೂ ಉರಿಯುವುದಿಲ್ಲವೆಂದು ನನಗೆ ಅನುಭವದಿಂದ ಗೊತ್ತು. ಬಕೀಟು ಎಳೆಯಿತು. ನಿಂತಿತು. ಮತ್ತೆ ಎಳೆಯಿತು. ತೊಗರಿಬೇಳೆಯ ಆ ಹೊತ್ತು ಶುರುವಾಯಿತು.

ನಿಜ ಹೇಳುತ್ತೇನೆ, ಕೈ ಮತ್ತೆ ಹಿಂದೆಗೆಯಿತು, ಇರಲಿ ಎಂದಿತು. ಆಗ ಪರದೆಯೊಳಗಿನ ಬಾಗಿಲಲ್ಲಿ ಬೆಳಕು ಇನ್ನೇನು ಹೋಗುತ್ತಿತ್ತು, ನಮ್ಮ ಕಿಟಕಿಯ ಹೊರಗೂ ಹೋಗುತ್ತಿತ್ತು. ಗೂಡಿನಲ್ಲಿ ದೀಪ ಸುಮ್ಮನೆ ಕುಳಿತಿತ್ತು. ನನ್ನ ಮನೆಯಲ್ಲಿ ಒಂದೇ ಕಡ್ಡಿ ಉಳಿದರೆ ಏನು ಮಾಡುತ್ತೇನೆ? ಒಲೆಗೆ ಗೀರುವುದಿಲ್ಲ. ಉಳಿಸಿಯೂ ಇಡುವುದಿಲ್ಲ. ದೀಪಕ್ಕೆ ಗೀರುತ್ತೇನೆ. ಕಡ್ಡಿ ಒಂದು ಗಳಿಗೆಯದು. ದೀಪ ಹತ್ತಿತೆಂದರೆ ಅದರಿಂದ ಬೇಕಾದ್ದನ್ನು ಹಚ್ಚಿಕೊಳ್ಳಬಹುದು.

ಗೀರಿದೆ. ದೀಪ ಹತ್ತಿತು.

ಬಕೀಟು ಹಿಂಬಾಗಿಲ ಆಚೆ ನಿಂತಿತು. ಆ ಮೌನದಲ್ಲಿ ಯಾರೋ ವಯಸ್ಸಾದ ಹೆಂಗಸು ತನ್ನ ಪಾಡಿಗೆ ತಾನು ಗುಣುಗುಟ್ಟುವುದು ಕೇಳಿತು. "ಹಾಲು ಒಡೀಲಿಲ್ಲ. ನೀರು ಬಂದಾಗ ಮನ್ಯಾಗ ಇದ್ದೆ. ಅವರ ಮೊಣಕಾಲು ಇವತ್ತು ಮೆಟ್ಟಲಾ ಹತ್ತಿತು." ಯಾರ ಧ್ವನಿಯಿದು, ಎಲ್ಲೋ ಕೇಳಿದ ಹಾಗಿದೆ ಎಂದುಕೊಂಡೆ. ಮೂರನೆಯ ಮಾತಿಗೆ ಗೊತ್ತಾಯಿತು. ನನ್ನದೇ.

ಬೆಳಕಿನಲ್ಲಿ ಮೂಲೆಯೊಂದು ಕಂಡಿತು. ಅಲ್ಲಿ ಕಂದೀಲು. ಇಷ್ಟು ದಿನ ಕತ್ತಲಲ್ಲಿ ಅದು ಅಲ್ಲಿತ್ತೋ ಇಲ್ಲವೋ. ಎತ್ತಿಕೊಂಡೆ, ಯಾರೂ ಹೇಳದಿದ್ದರೂ ದೀಪದ ಹತ್ತಿರ ಒಯ್ದು ಹಿಡಿದೆ. ಹೊತ್ತಿಕೊಂಡಿತು. ಆಮೇಲೆ ಹಿತ್ತಲು ದಾಟಿ ಗೇಟು ಮುಟ್ಟಿದ್ದು ದೊಡ್ಡ ಕೆಲಸವಲ್ಲ, ಬಕೀಟಿನವಳು ದೂರ ದೂರವೇ ಬಂದಳು.

ಕಂಪನಿಯ ದೊಡ್ಡವರು ಏನೋ ಕೇಳಿದರು. ಈಕೆ ನನಗೆ ಹೇಳಿದಳು: "ಯಾಕ ಆ ಕಡ್ಡಿ ದೀಪಕ್ಕ ಹಾಕಿದ್ರಿ ಅಂತ ಕೇಳ್ತಾರ."

"ಮತ್ತೇನ್ ಮಾಡ್ತಾರಂತ? ಹೊತ್ತು ಮುಳಗಿತ್ತಲ್ಲ ಅಂತ ಹೇಳು."

ಹೇಳಿದಳು. ಅತ್ತ ಕಡೆ ಇಬ್ಬರೂ ನಗುತ್ತ ಏನೋ ಮಾತಾಡಿದರು. ಪರದೆ ಆರಿದ ಮೇಲೂ ಆಕೆ ಕದಲಲಿಲ್ಲ.

"ಏನಂದ್ರು?"

"ಮನಿ ಇರಲಿ ಅಂದ್ರು."

ಗೋಡೆಯಿಂದ ಕೈ ತೆಗೆದಳು. ಸುಣ್ಣದ ಮೇಲೆ ಐದು ಬೆರಳಿನ ಒದ್ದೆ ಗುರುತು ಮೂಡಿತ್ತು. ಅದು ಒಣಗುವ ತನಕ ಇಬ್ಬರೂ ಅದನ್ನೇ ನೋಡುತ್ತ ಕುಳಿತೆವು. ಅಂದು ದೇವರ ಮುಂದೆ ನನಗೆ ಮೂರು ಬೆರಳು ಸಾಲಲಿಲ್ಲ.

ನಡೆದದ್ದನ್ನೆಲ್ಲ ಕೇಳಿ ನಮ್ಮ ಮನೆಯವರು ಊಟದ ತಾಟಿನಿಂದ ತಲೆ ಎತ್ತದೆ ಹೇಳಿದರು: "ನಿನ್ನ ಧ್ವನಿ ಕೇಳಿ ದೆವ್ವ ಬಾಗಲಾಗ ನಿಂತತು ಅಂದ್ರ ನಂಗೇನ್ ಹೊಸಾದಲ್ಲ. ಮೂವತ್ತು ವರ್ಷದಿಂದ ನಾನೂ ನಿಂತೇನಿ." ಮಾಳಿಗೆಯ ಮೆಟ್ಟಿಲಿನಿಂದ ಆಕೆ ನಕ್ಕದ್ದು ಶಾಂತಕ್ಕನ ಮನೆಗೂ ಕೇಳಿತಂತೆ.

ಅದಾದ ಮೇಲೆ ಆಕೆ ಹನ್ನೊಂದನೆಯ ಮನೆಯ ನಕ್ಷೆಯನ್ನು ಖಡು ಬಿಟ್ಟು ಹಳದಿ ಬಣ್ಣದಲ್ಲಿ ಎಳೆದಿಟ್ಟಳು. ಆಟ ಹೊರಬಂತು. ಎಲ್ಲೆಲ್ಲಿಯವರೋ ಆಡುತ್ತಾರಂತೆ, ಭಾಷೆ ತಿಳಿಯದವರೂ ಆ ದೀಪದ ಮುಂದೆ ನನ್ನ ಗುಣುಗುಣು ಕೇಳುತ್ತ ಬಹಳ ಹೊತ್ತು ನಿಲ್ಲುತ್ತಾರಂತೆ. ಕೆಲಸ ಗಟ್ಟಿಯಾಯಿತು. ಈಗ ಹಳಿಯಾಳದಲ್ಲಿ ಕೆಳಗೆ ಅವ್ವನಿಗೊಂದು ಕೋಣೆ, ಮೇಲೆ ಕೆಲಸಕ್ಕೊಂದು ಕೋಣೆ ಇರುವ ಮನೆ ಹಿಡಿದಿದ್ದಾಳೆ. ಹೊರಡುವ ದಿನ ಕಂಪ್ಯೂಟರಿಗೆ ಕೌದಿ ಸುತ್ತುತ್ತ ಕೇಳಿದಳು, "ಮಾಳಗಿ ಮ್ಯಾಲಿನ ಗೆರಿ ತಿಕ್ಕಿ ಅಳಸಿ ಹೋಗ್ಲೇನ್ರಿ?" ಇರಲಿ ಬಿಡು ಎಂದಿದ್ದೆ.

ಇವತ್ತು ಗೌಂಡಿ ಮೇಲಿನಿಂದ ಕೂಗಿದ. "ಅಕ್ಕಾರ, ಕೇಳ್ತೇನಿ ಮತ್ತ, ಗೆರಿ ಮ್ಯಾಲೆ ಸಿಮೆಂಟು ಹಾಕಿ ಬಿಡ್ಲೆ?"

"ಹಾಕಪಾ. ಆ ಮನಿ ಬ್ಯಾರೆ ಕಡೆ ಗಟ್ಟಿ ನಿಂತೈತಿ."

ಸಂಜೆಗೆ ಕೆಲಸ ಮುಗಿಯಿತು. ಸಿಮೆಂಟು ಹಸಿಯಿದ್ದಾಗ ಮಳೆ ಬರಲಿಲ್ಲ, ಅದು ಒಂದು. ಆಳುಗಳಿಗೆ ಮಾಡಿದ ಚಹಾಕ್ಕೆ ಹಾಲು ಸರಿಹೋಯಿತು, ಎರಡು. ಮೂರನೆಯದನ್ನು ದಿನಾ ಬದಲಿಸುತ್ತಿದ್ದೆ, ಈಚೆಗೆ ಒಂದು ತಿಂಗಳಿನಿಂದ ಅದೇ: ಅಂಥವಳೊಬ್ಬಳು ನಮ್ಮ ಮಾಳಿಗೆಯ ಮೇಲೆ ಇದ್ದಳು. ಮೊದಲು ಇದನ್ನೆಲ್ಲ ಬಾಯೊಳಗೇ ಗುಣುಗುಟ್ಟುತ್ತಿದ್ದೆ. ಈಗ ಸ್ಪಷ್ಟವಾಗಿ, ಬಿಡಿಸಿ ಬಿಡಿಸಿ ಹೇಳುತ್ತೇನೆ. ನಾನು ಕಾಣದ ಯಾವುದೋ ಊರಿನಲ್ಲಿ ಯಾರೋ ತಮ್ಮ ಕೊನೆಯ ಕಡ್ಡಿ ಗೀರಿ ಕುಳಿತಿರಬಹುದು. ಅವರಿಗೆ ಸರಿಯಾಗಿ ಕೇಳಬೇಕಲ್ಲ.